ಬೇಲಿ ಅಣ್ಣನ ಮೂರನೆಯ ಹಾಡು

ಹಳೇ ಗ್ರಾಮಫೋನ್ ಪ್ಲೇಟು ಕೊಳ್ಳುವವರು ಮೊದಲು ನೋಡಬೇಕಾದದ್ದು ನಡುವಿನ ತೂತನ್ನು. ಹಾಡು ಯಾವುದು, ಹಾಡಿದವನು ಯಾರು, ಹೊದಿಕೆಯ ರಟ್ಟಿನ ಮೇಲೆ ಎಷ್ಟು ಕುದುರೆಗಳಿವೆ ಎಂಬುದೆಲ್ಲ ಆಮೇಲಿನ ಮಾತು. ಪ್ಲೇಟನ್ನು ಮಿಷನ್ನಿನ ಮೊಳೆಗೆ ಕೂರಿಸುವಾಗ ಜನ ನೆಟ್ಟಗೆ ಕೂರಿಸುವುದಿಲ್ಲ, ತಡಕಾಡುತ್ತಾರೆ. ತಡಕಾಡಿದಾಗಲೆಲ್ಲ ತೂತಿನ ಸುತ್ತಲಿನ ಕಾಗದದ ಮೇಲೆ ಕೂದಲೆಳೆಯಷ್ಟು ಗೀರು ಬೀಳುತ್ತದೆ. ಆ ಗೀರು ನೋಡಿ ಪ್ಲೇಟು ಎಷ್ಟು ಸಲ ಹಾಡಿದೆ, ಹಾಕಿದವರ ಕೈ ನಡುಗುತ್ತಿತ್ತೆ, ಅವರ ಮನೆಯಲ್ಲಿ ಕುಡಿತವಿತ್ತೆ ಎಂಬುದನ್ನೂ ಹೇಳಬಹುದು. ನಾನು ಹೇಳುತ್ತಿದ್ದೆ. ಗಡಿಯಾರ ರಿಪೇರಿಯವನ ಕಣ್ಣು ನನ್ನದು. ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಪ್ಲೇಟು ಎತ್ತಿ ಹಿಡಿದೆನೆಂದರೆ ಗುಜರಿ ಅಂಗಡಿಯವನು ಬೆವರುತ್ತಿದ್ದ. ಇಪ್ಪತ್ತಾರು ವರ್ಷ ನಮ್ಮ ಬೀದಿಗೆ ಹಳೇ ಪ್ಲೇಟುಗಳನ್ನು ಹುಡುಕಿ ತಂದವನು ನಾನೊಬ್ಬನೇ. ಬರೀ ಗಂಗಾಧರಯ್ಯ ಎಂದರೆ ಯಾರಿಗೂ ತಿಳಿಯುವುದಿಲ್ಲ, ಪ್ಲೇಟು ಗಂಗಾಧರಯ್ಯ ಎನ್ನಬೇಕು. ಇಷ್ಟು ಜಂಬದಿಂದ ಶುರು ಮಾಡುವುದಕ್ಕೆ ಕಾರಣವಿದೆ. ಈ ಕಥೆಯಲ್ಲಿ ನಾನು ಜಂಬಪಡಬಹುದಾದ ಜಾಗ ಇದೊಂದೇ.

ನಮ್ಮ ಊರಿನಲ್ಲಿ ಬೀದಿಗೊಂದು ಸಂಗೀತ. ಚೀಟಿ ಎತ್ತಿದ್ದು ನಮ್ಮ ತಾತನ ಕಾಲದಲ್ಲಿ. ಮೊದಲನೇ ಬೀದಿಗೆ ಓಲಗ ಬಂತು, ಅವರ ಪುಣ್ಯ. ದರ್ಜಿ ಬೀದಿಗೆ ಕವ್ವಾಲಿ ಬಂತು, ಸಂತೆ ಬೀದಿಗೆ ಬ್ಯಾಂಡ್ ಸೆಟ್ಟು. ನಮ್ಮ ಬೀದಿಯ ಹಿರಿಯರು ಎತ್ತಿದ ಚೀಟಿಯಲ್ಲಿ ‘ಕಂಟ್ರಿ ಮ್ಯೂಸಿಕ್’ ಎಂದಿತ್ತು. ಅದೇನೆಂದು ನಮ್ಮವರಿಗೆ ಗೊತ್ತಿರಲಿಲ್ಲ. ನಗರಸಭೆಯವರಿಗೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎನ್ನಲು ನಾಚಿಕೆಪಟ್ಟು ಮಂಜೂರು ಮಾಡಿದ್ದರು. ಆರು ತಿಂಗಳು ನಮ್ಮ ಬೀದಿ ಮೂಕವಾಗಿತ್ತಂತೆ. ಕೊನೆಗೆ ಗಣಿ ಕಂಪನಿಯ ಬಿಳಿಯರು ಖಾಲಿ ಮಾಡಿಹೋದ ಬಂಗಲೆಯಲ್ಲಿ ಹನ್ನೊಂದು ಪ್ಲೇಟು ಸಿಕ್ಕವು. ಅಮೆರಿಕದ ಹಳ್ಳಿಗಾಡಿನವರು ಗಿಟಾರು ಹಿಡಿದು ಹಾಡಿದ ಹಾಡುಗಳು. ಅಲ್ಲಿಂದೀಚೆಗೆ ಅದೇ ನಮ್ಮ ಕುಲದ ಸಂಗೀತ.

ಅಭ್ಯಾಸವಾದರೆ ಯಾವುದೂ ಕಷ್ಟವಲ್ಲ. ನಮ್ಮ ಬೀದಿಯ ಕೂಸು ತೊಟ್ಟಿಲಿನಲ್ಲಿ ಮೊದಲು ಕೇಳುವುದು ಉಕ್ಕಿನ ತಂತಿಯ ಗಿಟಾರಿನ ಅಳು. ಗೌರಿ ಬಾಗಿನಕ್ಕೆ ಬ್ಯಾಂಜೋ, ಸೀಮಂತಕ್ಕೆ ಪಿಟೀಲು, ತಿಥಿ ಊಟಕ್ಕೆ ಮೌತ್ ಆರ್ಗನ್. ಪ್ಲೇಟುಗಳಿಗೆ ರಟ್ಟಿನ ಚಿತ್ರ ನೋಡಿ ನಾವೇ ಹೆಸರಿಟ್ಟಿದ್ದೇವೆ: ಟೋಪಿ ಅಪ್ಪಾಜಿ, ಕುದುರೆ ಅವಳಿಜವಳಿ, ಜಡೆ ಚಿಕ್ಕಮ್ಮ. ಬೇರೆ ಬೀದಿಯ ಸಂಗೀತ ನಮ್ಮಲ್ಲಿ ಕೇಳಿಸಿದರೆ ನಗರಸಭೆಯ ಶ್ರುತಿ ಇನ್‌ಸ್ಪೆಕ್ಟರು ಬಂದು ಮಿಷನ್ನಿನ ಮುಳ್ಳನ್ನು ಆರು ತಿಂಗಳು ಕಿತ್ತುಕೊಂಡು ಹೋಗುತ್ತಾರೆ. ಅಪ್ಪಿತಪ್ಪಿ ಪಕ್ಕದ ಬೀದಿಯ ರಾಗ ನಾಲಿಗೆಗೆ ಬಂದುಬಿಟ್ಟರೆ ಎಂಬ ಹೆದರಿಕೆಗೆ ನಮ್ಮೂರಿನಲ್ಲಿ ಯಾರೂ ಬಾಯಿಬಿಟ್ಟು ಹಾಡುವುದಿಲ್ಲ. ಸ್ನಾನದ ಮನೆಯಲ್ಲೂ ಇಲ್ಲ. ಪ್ಲೇಟು ಇರುವಾಗ ಬಾಯಿ ಯಾಕೆ?

ನಮ್ಮ ಪ್ಲೇಟುಗಳಲ್ಲೆಲ್ಲ ದೊಡ್ಡದು ಬೇಲಿ ಅಣ್ಣ. ದೊಡ್ಡದು ಎಂದರೆ ಅಳತೆಯಲ್ಲಲ್ಲ, ಮರ್ಯಾದೆಯಲ್ಲಿ. ರಟ್ಟಿನ ಮೇಲೆ ಒಬ್ಬ ಮನುಷ್ಯ ಬೇಲಿಗೆ ಒರಗಿ ಹುಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದಾನೆ. ಅದರ ಎರಡನೇ ಮಗ್ಗುಲಿನ ಮೂರನೇ ಹಾಡು ನಮ್ಮ ಬೀದಿಯ ಮದುವೆ ಹಾಡು. ಹಿಂದೆ ಒಮ್ಮೆ ವರ್ಗವಾಗಿ ಬಂದ ಬ್ಯಾಂಕಿನ ಅಧಿಕಾರಿಯೊಬ್ಬರು, ಇಂಗ್ಲಿಷು ಚೆನ್ನಾಗಿ ಬಲ್ಲವರು, ಒಂದು ಮದುವೆಯಲ್ಲಿ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದರಲ್ಲಿರುವುದು ಇಷ್ಟೇ ಅಂತೆ: ಒಬ್ಬ ಬಡಪಾಯಿ ಕುಣಿತಕ್ಕೆ ಹೋಗಲು ಹೊಸ ಬೂಟು ಬೇಕೆಂದು ತನ್ನ ಹೇಸರಗತ್ತೆಯನ್ನು ಮಾರುತ್ತಾನೆ. ಹುಡುಗಿ ಇನ್ನೊಬ್ಬನ ಜೊತೆ ಹೋಗಿಬಿಡುತ್ತಾಳೆ. ಇವನು ಕಚ್ಚುವ ಬೂಟು ಹಾಕಿಕೊಂಡು ಒಂಬತ್ತು ಮೈಲಿ ನಡೆದು ಮನೆಗೆ ಬರುತ್ತಾನೆ. ಬೀದಿಯ ಹಿರಿಯರು ಸೇರಿ ಯೋಚಿಸಿದರು. ಮದುವೆ ಎಂದರೆ ಹೆಚ್ಚುಕಡಿಮೆ ಅದೇ ಅಲ್ಲವೇ ಎಂದು ಒಬ್ಬರು ಅಂದರು. ಅರ್ಥ ಇಂಗ್ಲಿಷು ಬಂದವರಿಗೆ, ಹಾಡು ನಮಗೆ ಎಂದು ತೀರ್ಮಾನವಾಯಿತು. ಅಧಿಕಾರಿಗೆ ಇಲ್ಲಿಂದಲೂ ವರ್ಗವಾಯಿತು.

ಆ ಹಾಡು ಹಾಕುವುದಕ್ಕೆ ಕಿವಿ ತುಂಬುವ ಶಾಸ್ತ್ರ ಎನ್ನುತ್ತೇವೆ. ತಾಳಿ ಕಟ್ಟಿದ ಮೇಲೆ ಅಕ್ಕಿ, ಕಾಯಿ, ಬೆಲ್ಲ ಇಟ್ಟು ಹೆಣ್ಣಿಗೆ ಮಡಿಲು ತುಂಬುತ್ತೇವಲ್ಲ, ಹಾಗೆಯೇ ಕಿವಿಯನ್ನೂ ತುಂಬುವುದು. ಯಾಕೆಂದರೆ ಹೆಣ್ಣು ತನ್ನ ತವರು ಬೀದಿಯ ಸಂಗೀತವನ್ನು ಕೇಳುವುದು ಅದೇ ಕೊನೆ. ಅಲ್ಲಿಂದ ಮುಂದೆ ಗಂಡನ ಬೀದಿಯದೇ ಅವಳದು. ಅವಳು ತವರಿಗೆ ಬಂದಿದ್ದಾಗ ಕೂಡ ಮಿಷನ್ನಿನ ಮುಳ್ಳು ಎತ್ತಿಡಬೇಕು. ಗಂಡಸರಿಗೆ ಈ ನಿಯಮವಿಲ್ಲ. ಚೀಟಿ ಎತ್ತಿದವರು ಗಂಡಸರು. ನಮ್ಮೂರಿನ ತರಕಾರಿ ಗಾಡಿಗಳೆಲ್ಲ ಬೀದಿಯ ಮೂಲೆಗಳಲ್ಲೇ ನಿಂತಿರುವುದನ್ನು ನೋಡಿ ಹೊಸಬರು ಆಶ್ಚರ್ಯಪಡುತ್ತಾರೆ. ಅಲ್ಲಿ ಹೆಂಗಸರು ಒಂದು ಹಿಡಿ ಬೀನ್ಸ್ ಆರಿಸಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ, ತವರು ಬೀದಿಯ ಕಡೆಗೆ ಒಂದು ಕಿವಿ ಕೊಟ್ಟುಕೊಂಡು.

ನನ್ನ ಮಗಳು ಇಂದುಮತಿ ಮದುವೆಯಾಗಿ ಹೋಗಬೇಕಾಗಿದ್ದದ್ದು ‘ಸುಮ್ಮನೆ ಬೀದಿ’ಗೆ. ಚೀಟಿ ಎತ್ತಿದ ದಿನ ಒಂದು ಚೀಟಿ ಖಾಲಿಯಿತ್ತಂತೆ. ಗುಮಾಸ್ತ ಬರೆಯಲು ಮರೆತಿದ್ದನೋ, ಅವನಿಗೆ ತಿಳಿದಿದ್ದ ಸಂಗೀತವೆಲ್ಲ ಮುಗಿದಿತ್ತೋ, ಯಾರೂ ಕೇಳಲಿಲ್ಲ. ಖಾಲಿ ಚೀಟಿ ಬಂದವರು ಮೊದಲು ಅತ್ತರು, ಆಮೇಲೆ ಅದನ್ನೇ ಗೌರವ ಮಾಡಿಕೊಂಡರು. ಅಲ್ಲಿ ಬಾಗಿಲುಗಳ ಕೀಲುಗಳಿಗೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಾರೆ. ಕುಕ್ಕರು ಕೂಗುತ್ತದೆಂದು ಅನ್ನವನ್ನು ಪಾತ್ರೆಯಲ್ಲೇ ಬಸಿಯುತ್ತಾರೆ. ಹಸುವಿನ ಗಂಟೆಯೊಳಗೆ ಬಟ್ಟೆ ತುರುಕಿರುತ್ತಾರೆ. ಗಂಡ ಹೆಂಡತಿಗೆ ಜಗಳವಾಡಬೇಕೆನಿಸಿದರೆ ಚಪ್ಪಲಿ ಮೆಟ್ಟಿಕೊಂಡು ನಮ್ಮ ಬೀದಿಯ ಬಾಯಿಗೆ ಬಂದು, ಕೂಗಾಡಿ ಮುಗಿಸಿ, ಮರ್ಯಾದೆಯಾಗಿ ವಾಪಸು ಹೋಗುತ್ತಾರೆ. ಆ ಬೀದಿಯ ಹುಡುಗ ಪ್ರಸನ್ನ ಒಂದು ದಿನ ನನ್ನ ಅಂಗಡಿಗೆ ಗೋಡೆ ಗಡಿಯಾರ ತಂದು, ಅದು ಟಿಕ್ ಎನ್ನದ ಹಾಗೆ ಮಾಡಿಕೊಡಿ ಎಂದ. ನಾನು ಊಟಕ್ಕೆ ಹೋಗಿದ್ದೆ, ಅಂಗಡಿಯಲ್ಲಿ ಇಂದು ಇದ್ದಳು. ಟಿಕ್ ನಿಲ್ಲಿಸಲು ಅವನು ಹನ್ನೊಂದು ಸಲ ಬಂದ. ಹನ್ನೆರಡನೆಯ ಸಲ ಅವನ ಅಪ್ಪ ಚಂದ್ರಮೌಳಿಯವರು ತಾಂಬೂಲದ ತಟ್ಟೆ ಹಿಡಿದುಕೊಂಡು ಬಂದರು.

ಹುಡುಗ ಒಳ್ಳೆಯವನು, ನಾನು ಬೇಡವೆನ್ನಲಿಲ್ಲ. ಆದರೆ ಬೇರೆ ಬೀದಿಗೆ ಹೋಗುವ ಹೆಣ್ಣಿಗೆ ಓಲಗವೋ ಕವ್ವಾಲಿಯೋ ಏನೋ ಒಂದು ಸಿಗುತ್ತದೆ, ಇವಳಿಗೆ ಏನೂ ಸಿಗುವುದಿಲ್ಲ. ಕಿವಿ ತುಂಬಿಸಿಕೊಂಡದ್ದರಲ್ಲೇ ಅವಳು ಜೀವಮಾನ ಕಳೆಯಬೇಕು. ಈ ಯೋಚನೆ ನನ್ನನ್ನು ಕೊರೆಯುತ್ತಿತ್ತು. ಅದಕ್ಕೇ ಮದುವೆಗೆ ಒಂಬತ್ತು ದಿನವಿರುವಾಗ ಬೇಲಿ ಅಣ್ಣನಿಗೆ ಮೈತೊಳೆಸಬೇಕೆಂದು ಹೊರಟೆ. ಪ್ರೀತಿ ಹೆಚ್ಚಾದಾಗಲೇ ಮನುಷ್ಯನ ಬುದ್ಧಿ ಕೈಕೊಡುವುದು. ಅಂಟುವಾಳದ ನೊರೆಯಲ್ಲಿ ಅದ್ದಿ, ಮಲ್ಲಿನ ಬಟ್ಟೆಯಲ್ಲಿ ಒತ್ತಿ, ಗೆರೆಯೊಳಗಿನ ತೇವ ಪೂರ್ತಿ ಆರಲೆಂದು ತಾರಸಿಗೆ ಒಯ್ದೆ. ಅಲ್ಲಿ ನನ್ನ ಹೆಂಡತಿ ವಿಶಾಲಾಕ್ಷಿ ಮದುವೆಗೆಂದು ಹಪ್ಪಳ ಒಣಹಾಕಿದ್ದಳು. ಅದಕ್ಕೆ ಹಾಸಿದ್ದ ಪಂಚೆಯ ಒಂದು ಮೂಲೆ ಖಾಲಿಯಿತ್ತು. ಪ್ಲೇಟನ್ನು ಬಿಸಿಲಿಗಿಡಬೇಡಿ, ಒಲೆಯ ಹತ್ತಿರ ಇಡಬೇಡಿ ಎಂದು ಇಪ್ಪತ್ತಾರು ವರ್ಷ ಬೀದಿಯವರಿಗೆಲ್ಲ ಬುದ್ಧಿ ಹೇಳಿದ ನಾನು, ಐದೇ ನಿಮಿಷ ಅಂದುಕೊಂಡು ಅಲ್ಲಿಟ್ಟು ಕೆಳಗಿಳಿದೆ. ಕೆಳಗೆ ಚಪ್ಪರದವನು ಬಂದಿದ್ದ. ಅವನ ಜೊತೆ ಬಿದಿರಿನ ಗಳ ಎಷ್ಟು, ತೆಂಗಿನ ಗರಿ ಎಷ್ಟು ಎಂದು ಮಾತಾಡುತ್ತ ನಿಂತುಬಿಟ್ಟೆ.

“ರೀ, ಇದೇನ್ರೀ ಇದು? ನಾನು ಉದ್ದಿನ ಹಪ್ಪಳ ಹಾಕಿದ್ದೆ, ಕರೀ ಹಪ್ಪಳ ಯಾರು ಹಾಕಿದ್ರು?” ಎಂದು ಮೇಲಿನಿಂದ ವಿಶಾಲಾಕ್ಷಿ ಕೂಗಿದಾಗ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಓಡಿದೆ. ಬೇಲಿ ಅಣ್ಣ ನಾಲ್ಕೂ ಕಡೆ ಮುದುರಿಕೊಂಡು, ಎಣ್ಣೆಗೆ ಬಿಡುವುದೊಂದೇ ಬಾಕಿ ಎಂಬಂತೆ ಕೂತಿದ್ದ. ಅವಳು ಅದನ್ನೂ ನನ್ನನ್ನೂ ನೋಡಿ ತಾರಸಿಯ ಮೇಲೆಯೇ ಕುಕ್ಕರಿಸಿದಳು. “ನಿಮಗೆ ನಾನು ಯಾವಾಗ್ಲೂ ಹೇಳ್ತಿದ್ದೆ. ನೀವು ಹಾಡು ಕೇಳೋದಿಲ್ಲ, ಗೀರು ಕೇಳ್ತೀರಿ. ಈಗ ಗೀರೂ ಇಲ್ಲ, ಹಾಡೂ ಇಲ್ಲ. ಆ ಮಗೂಗೆ ಏನು ಹೇಳ್ತೀರಿ?” ಮಗುವಿಗೆ ಹೇಳಿದೆ. ಇಂದು ಬೈಯಲಿಲ್ಲ, ಅದೇ ಕಷ್ಟವಾಯಿತು. ನನ್ನ ಕಪಾಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಪ್ಲೇಟುಗಳಿದ್ದವು. ಬೇರೆ ಯಾವುದಾದರೂ ಒಳ್ಳೆಯದು ಹಾಕೋಣ ಎಂದೆ. “ಅಪ್ಪ, ಅವೆಲ್ಲ ಬೇರೆ ಬೇರೆ ಶಾಸ್ತ್ರಕ್ಕೆ ಆಗ್ಹೋಗಿವೆ. ಜಡೆ ಚಿಕ್ಕಮ್ಮನ್ನ ಹಾಕಿದ್ರೆ ಯಾರದೋ ತಿಥಿ ಊಟಕ್ಕೆ ಕೂತ್ಹಾಗಿರುತ್ತೆ. ನನಗೆ ಬೇಲಿ ಅಣ್ಣನೇ ಬೇಕು. ಇನ್ನು ಮುಂದೆ ನನಗೆ ಅದೊಂದೇ ಅಲ್ವಾ ಇರೋದು?” ಎಂದಳು.

ಏಳು ದಿನ ಸುತ್ತಿದೆ. ಸುತ್ತಲಿನ ಊರುಗಳ ಗುಜರಿ, ಮುಚ್ಚಿಹೋದ ಕ್ಲಬ್ಬುಗಳ ಉಗ್ರಾಣ, ಹರಾಜಿನವರ ಮನೆ, ಯಾವುದನ್ನೂ ಬಿಡಲಿಲ್ಲ. ಬಂದರು ಊರಿನಲ್ಲಿ ಹಳೇ ಕಾಗದದ ವ್ಯಾಪಾರಿಯೊಬ್ಬನ ರಾಶಿಯ ತಳದಲ್ಲಿ ಹುಲ್ಲುಕಡ್ಡಿ ಕಚ್ಚಿದ ಮುಖ ಕಂಡಾಗ ನನಗೆ ಅಳುವೇ ಬಂತು. ರಟ್ಟಿನೊಳಗಿಂದ ಪ್ಲೇಟು ಜಾರಿಸಿ ನೋಡಿದರೆ ಅದು ಕೋಳಿ ಸಾಕಣೆಯ ಮೇಲೆ ಯಾರೋ ಮಾಡಿದ ಭಾಷಣ. ಹಳೇ ಪ್ಲೇಟಿನ ವ್ಯವಹಾರದಲ್ಲಿ ಇದು ಮಾಮೂಲು. ರಟ್ಟು ಒಂದು, ಹೊಟ್ಟೆ ಇನ್ನೊಂದು. ಆ ಸಲ ಮಾತ್ರ ನಾನು ಮಾಮೂಲಿನಂತೆ ನಗಲಿಲ್ಲ. ಕವರಾದರೂ ಇರಲಿ ಎಂದು ತಂದೆ. ಮನೆಗೆ ಬಂದಾಗ ಇಂದು ಜಗುಲಿಯಲ್ಲೇ ಕಾಯುತ್ತಿದ್ದಳು. “ಅಪ್ಪ, ಪ್ರಸನ್ನ ಹೇಳಿದ್ರು. ಅವರ ಅಜ್ಜಿ ಹತ್ರ ಒಂದಿದೆಯಂತೆ. ಟ್ರಂಕಿನಲ್ಲಿ ಬಚ್ಚಿಟ್ಟಿದ್ದಾರಂತೆ. ಅವರ ಮನೇಲಿ ಬೇರೆ ಯಾರಿಗೂ ಗೊತ್ತಿಲ್ಲ.”

ಅಜ್ಜಿ ಎಂದರೆ ತುಂಗಮ್ಮ, ನಮ್ಮ ಬೀದಿಯ ಹೆಣ್ಣುಮಗಳೇ. ಐವತ್ತೆಂಟು ವರ್ಷದ ಹಿಂದೆ ಸುಮ್ಮನೆ ಬೀದಿಗೆ ಸೊಸೆಯಾಗಿ ಹೋದವರು. ಮಧ್ಯಾಹ್ನ ಮೂರು ಗಂಟೆಗೆ, ಬೀಗರು ಮಲಗಿದ್ದ ಹೊತ್ತು ನೋಡಿಕೊಂಡು ಪ್ರಸನ್ನ ನನ್ನನ್ನು ಹಿಂದಿನ ಬಾಗಿಲಿನಿಂದ ಕರೆದೊಯ್ದ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೆ. ಕೋಣೆ ಮಬ್ಬಾಗಿತ್ತು. ತುಂಗಮ್ಮ ಮಂಚದ ಮೇಲೆ ಕೂತು ಬಟ್ಟೆಗೆ ತೇಪೆ ಹಾಕುತ್ತಿದ್ದರು. ನನ್ನನ್ನು ನೋಡಿದ್ದೇ ಪಿಸುದನಿಯಲ್ಲಿ ಕೇಳಿದರು, “ನೀನು ಗಡಿಯಾರದ ಪುಟ್ಟಯ್ಯನ ಮಗ ಅಲ್ವೇನಪ್ಪ? ನಿಮ್ಮ ತಾತ ಇರೋವಾಗ ಬೀದೀಲಿ ಬೇಲಿ ಅಣ್ಣ ಎರಡಿತ್ತು. ನನ್ನ ಮಡಿಲು ತುಂಬಿದ ದಿನ ನಮ್ಮಪ್ಪ ಒಂದನ್ನ ಸೀರೆ ಮಡಿಕೆ ಒಳಗೆ ಇಟ್ಟುಬಿಟ್ಟಿದ್ದ. ಕಳುವಾಯ್ತು ಅಂತ ಬೀದಿಯೋರು ಹುಡುಕಿದ್ದೇ ಹುಡುಕಿದ್ದು.” ಆ ಕಳವಿನ ಕಥೆಯನ್ನು ನಾನೂ ಕೇಳಿದ್ದೆ. ನಲವತ್ತು ವರ್ಷ ಆ ಅಪವಾದ ಸಂತೆ ಬೀದಿಯವರ ಮೇಲಿತ್ತು.

ಟ್ರಂಕಿನ ತಳದಿಂದ ರೇಷ್ಮೆ ಸೀರೆಯ ಗಂಟು ಬಂತು. ನಾನು ರಟ್ಟಿನಿಂದ ಪ್ಲೇಟನ್ನು ಅರ್ಧ ಜಾರಿಸಿದೆ. ಮೊದಲನೇ ಮಗ್ಗುಲು ಮೇಲಿತ್ತು. ಭೂತಗಾಜು ಸಿಕ್ಕಿಸಿಕೊಂಡು ತೂತಿನ ಸುತ್ತ ನೋಡಿದೆ. ಒಂದೇ ಒಂದು ಗೀರಿಲ್ಲ. ನನ್ನ ಜನ್ಮದಲ್ಲಿ ಅಂಥ ತೂತನ್ನು ಕಂಡಿರಲಿಲ್ಲ. “ಇದನ್ನ ಮಿಷನ್ನಿಗೆ ಹಾಕೇ ಇಲ್ವಾ?” ಎಂದೆ. “ದೇವರಾಣೆಗೂ ಒಂದ್ಸಲಾನೂ ಹಾಕಿಲ್ಲ ಕಣಪ್ಪ. ಈ ಮನೇಲಿ ಮಿಷನ್ ಎಲ್ಲಿಂದ ಬರ್ಬೇಕು?” ಎಂದರು. ಪ್ಲೇಟನ್ನು ತಟ್ಟನೆ ನನಗೆ ಕೊಡಲಿಲ್ಲ. ಅಂಚನ್ನು ಹಿಡಿದುಕೊಂಡೇ ಇದ್ದರು. “ಗಂಗಾಧರ, ಇದನ್ನ ಒಯ್ಯೋಕ್ಮುಂಚೆ ಒಂದ್ ಮಾತು ಹೇಳ್ಬೇಕು ನಿನಗೆ...” ನಾನು ಖುಷಿಯಲ್ಲಿ ತೇಲುತ್ತಿದ್ದೆ. “ಅಮ್ಮಾ, ನೀವೇನೂ ಹೇಳ್ಬೇಡಿ. ತೂತೇ ಎಲ್ಲಾ ಹೇಳ್ತಾ ಇದೆ” ಎಂದೆ. ಅವರು ಪ್ಲೇಟಿನ ಅಂಚು ಬಿಟ್ಟು, ಮತ್ತೆ ಸೂಜಿ ಕೈಗೆತ್ತಿಕೊಂಡರು. ಸುಮ್ಮನೆ ಬೀದಿಯವರಿಗೆ ಒಂದು ಸಲ ಮಾತು ತಡೆದರೆ ಸಾಕು, ಎರಡನೇ ಸಲ ಬಾಯಿಬಿಡುವ ಅಭ್ಯಾಸ ಅವರಿಗಿಲ್ಲ.

ಮನೆಗೆ ತಂದು ಒಮ್ಮೆ ಹಾಕಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ವಿಶಾಲಾಕ್ಷಿಯೂ ಕೇಳಿದಳು. ಆದರೆ ಮದುವೆಗೆಂದು ಮನೆಗೆ ತಂದ ಪ್ಲೇಟನ್ನು ಮುಂಚೆ ಕೇಳಿದರೆ ಶಾಸ್ತ್ರ ಎಂಜಲಾಗುತ್ತದೆ. ಬಡಿಸುವ ಮುಂಚೆ ಪಾಯಸ ರುಚಿ ನೋಡಿದ ಹಾಗೆ. ಈ ಕಟ್ಟಳೆಯನ್ನು ಬೀದಿಯಲ್ಲಿ ಗಟ್ಟಿಯಾಗಿ ಕಾಪಾಡಿಕೊಂಡು ಬಂದವನು ನಾನೇ. ಹೋದ ವರ್ಷ ಇದೇ ತಪ್ಪಿಗೆ ಪಕ್ಕದ ಮನೆಯವನಿಗೆ ಎಲ್ಲರೆದುರು ಛೀಮಾರಿ ಹಾಕಿದ್ದೆ. ಜೊತೆಗೆ ಅಂಥ ತೂತು ಕಂಡ ಮೇಲೆ ನನ್ನಂಥವನು ಅನುಮಾನಪಡುವುದುಂಟೆ? ಪ್ಲೇಟನ್ನು ದೇವರ ಮನೆಯಲ್ಲಿಟ್ಟು ಹೂ ಏರಿಸಿದೆ. ಇಂದು ದಿನಕ್ಕೆ ನಾಲ್ಕು ಸಲ ಒಳಗೆ ಹೋಗಿ ರಟ್ಟು ಮುಟ್ಟಿ ಬರುತ್ತಿದ್ದಳು.

ಮದುವೆ ನಮ್ಮ ಬೀದಿಯ ಛತ್ರದಲ್ಲಿ. ಬೀಗರ ಕಡೆಯವರು ಬರಿಗಾಲಿನಲ್ಲಿ ಬಂದು, ಸದ್ದಿಲ್ಲದೆ ತಿಂಡಿ ತಿಂದು, ಲೋಟ ಕೂಡ ಕುಕ್ಕದೆ ಕೆಳಗಿಟ್ಟು, ಒಂದು ಕಡೆ ಸಾಲಾಗಿ ಕೂತರು. ಶ್ರುತಿ ಇನ್‌ಸ್ಪೆಕ್ಟರು ನಿಯಮದ ಪುಸ್ತಕ ಬಗಲಲ್ಲಿಟ್ಟುಕೊಂಡು ಕಂಬಕ್ಕೆ ಒರಗಿದ್ದರು. ತಾಳಿಯಾಯಿತು, ಧಾರೆಯಾಯಿತು, ಮಡಿಲು ತುಂಬಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಇಂದು ಸೆರಗು ಸರಿಮಾಡಿಕೊಂಡು, ಎರಡೂ ಕಿವಿಯ ಹಿಂದಕ್ಕೆ ಕೂದಲು ಒತ್ತಿ, ಕಣ್ಣು ಮುಚ್ಚಿ ಕೂತಳು. ಹಿಂದೆ ಬೇರೆ ಎಷ್ಟೋ ಹೆಣ್ಣುಮಕ್ಕಳು ಹಾಗೆ ಕಣ್ಣು ಮುಚ್ಚಿದ್ದಾಗ ನಾನು ಅವರ ಕಡೆ ನೋಡಿರಲೇ ಇಲ್ಲ, ನನ್ನ ದೃಷ್ಟಿ ಮುಳ್ಳಿನ ಮೇಲಿರುತ್ತಿತ್ತು. ಆವತ್ತು ನೋಡಿದೆ. ಮೊಳೆಗೆ ಕೂರಿಸುವಾಗ ನಾನೂ ತಡಕಾಡಿದೆ, ಆ ಚೆಂದದ ತೂತಿಗೆ ಮೊದಲನೇ ಗೀರು ನನ್ನದೇ ಬಿತ್ತು. ಎರಡನೇ ಮಗ್ಗುಲಿನ ಮೂರನೇ ಹಾಡಿಗೆ ಮುಳ್ಳು ಇಳಿಸಿದೆ.

ಕಾದ ಹಂಚಿನ ಮೇಲೆ ದೋಸೆ ಹಿಟ್ಟು ಹುಯ್ದಾಗ ಬರುತ್ತದಲ್ಲ, ಚುಂಯ್ ಎಂಬ ಆ ಸದ್ದು ಬಂತು. ಅದು ನಿಲ್ಲಲಿಲ್ಲ. ಇನ್ನೇನು ಗಿಟಾರು ಬರುತ್ತದೆ, ಇನ್ನೇನು ಅಣ್ಣನ ದನಿ ಬರುತ್ತದೆ ಎಂದು ನಮ್ಮವರು ಕಾದರು. ಚುಂಯ್ ಬಿಟ್ಟರೆ ಬೇರೇನೂ ಇಲ್ಲ. ಮುಳ್ಳು ಎತ್ತಿ, ಬೆರಳಿನಿಂದ ಒರೆಸಿ, ಮತ್ತೆ ಇಳಿಸಿದೆ. ಮತ್ತೆ ದೋಸೆ. ಬೀಗರ ಸಾಲಿನಲ್ಲಿ ಸಂತೋಷ ಹರಡಿತು. ಚಂದ್ರಮೌಳಿಯವರು ಎದ್ದು ಬಂದು ನನ್ನ ಕಿವಿಯ ಹತ್ತಿರ ಬಾಗಿದರು. “ಬೀಗರೇ, ನಮ್ಮ ಬೀದಿಗೆ ಒಪ್ಪೋ ಅಂಥ ಹಾಡನ್ನೇ ಹುಡುಕಿ ತಂದಿದ್ದೀರಿ. ಇಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ?” ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಇಂದು ಕಣ್ಣು ತೆರೆದಿದ್ದಳು. ಅವಳು ನನ್ನನ್ನು ನೋಡಲಿಲ್ಲ, ತಿರುಗುತ್ತಿದ್ದ ಪ್ಲೇಟನ್ನು ನೋಡುತ್ತಿದ್ದಳು.

ಆಗ ಬೀಗರ ಸಾಲಿನಿಂದ ತುಂಗಮ್ಮ ಎದ್ದು, ಗೋಡೆ ಹಿಡಿದುಕೊಂಡು ಮಿಷನ್ನಿನ ತನಕ ಬಂದರು. “ಅದನ್ನ ನಾನೇ ತಿಂದ್ಬಿಟ್ಟಿದ್ದೀನಿ ಕಣಪ್ಪ” ಎಂದರು. ಪಿಸುದನಿಯಲ್ಲ, ಎಲ್ಲರಿಗೂ ಕೇಳುವ ಹಾಗೆ. “ಮಿಷನ್ನಿಗೆ ಹಾಕಿಲ್ಲ ಅಂದಿದ್ದು ನಿಜ. ಒಂದು ಪೋಸ್ಟ್ ಕಾರ್ಡಿಗೆ ಹೊಲಿಗೆ ಸೂಜಿ ಚುಚ್ಚಿ, ಪ್ಲೇಟು ತೊಡೆ ಮೇಲಿಟ್ಟು ಬೆರಳಲ್ಲಿ ತಿರುಗಿಸ್ತಿದ್ದೆ. ಸೊಳ್ಳೆ ಹಾಡಿದಷ್ಟು ಕೇಳ್ತಿತ್ತು. ಮಿಕ್ಕ ಹಾಡು ಮುಟ್ಟಿಲ್ಲ, ಇದೊಂದನ್ನೇ. ಐವತ್ತೆಂಟು ವರ್ಷ. ಈಗ ನಾಕೈದು ವರ್ಷದಿಂದ ಅದರಲ್ಲಿ ಏನೂ ಉಳಿದಿರ್ಲಿಲ್ಲ. ಹೇಳೋಕ್ಬಂದೆ, ನೀನು ಕೇಳ್ಲಿಲ್ಲ.” ಚಂದ್ರಮೌಳಿಯವರು ಬಿಟ್ಟ ಬಾಯಿ ಬಿಟ್ಟುಕೊಂಡೇ ನಿಂತರು. ಅವರ ಮನೆಯಲ್ಲಿ, ಅವರ ಹೆತ್ತ ತಾಯಿಯೇ!

ತುಂಗಮ್ಮ ಇಂದುವಿನ ಎದುರು ಕೂತರು. ಅವಳ ಎರಡು ಕಿವಿಗೂ ತಮ್ಮ ಅಂಗೈ ಮರೆಮಾಡಿ ಹಿಡಿದರು. ಆಮೇಲೆ ನಮ್ಮ ಊರಿನಲ್ಲಿ ಯಾರೂ ಮಾಡದ ಕೆಲಸ ಮಾಡಿದರು. ಬಾಯಿ ತೆರೆದು ಹಾಡತೊಡಗಿದರು. ದನಿ ಸಣ್ಣದು, ಸೂಜಿಯ ಮೊನೆಯಷ್ಟೇ. ಇಂಗ್ಲಿಷು ಅವರಿಗೆ ಒಂದಕ್ಷರ ಬಾರದು. ಆದರೂ ಹೇಸರಗತ್ತೆಯವನು ಬ್ಯಾಂಕಿನ ಅಧಿಕಾರಿಯ ಅಪ್ಪನಿಗೂ ತಿಳಿಯುವಷ್ಟು ಸ್ಪಷ್ಟವಾಗಿ ಸಂತೆಗೆ ಹೊರಟ. ಎರಡನೇ ಸಾಲಿಗೆ ಇನ್ನೊಂದು ದನಿ ಕೂಡಿತು. ತಿರುಗಿ ನೋಡಿದರೆ ವಿಶಾಲಾಕ್ಷಿ! ಅವಳು ಇದೇ ಬೀದಿಯಲ್ಲಿ ಹುಟ್ಟಿ ಇದೇ ಬೀದಿಗೆ ಸೊಸೆಯಾದವಳು. ಇಪ್ಪತ್ತೇಳು ವರ್ಷ ಜೊತೆಗಿದ್ದು ಅವಳಿಗೆ ದನಿಯಿದೆ ಎಂದು ನನಗೆ ತಿಳಿದಿರಲಿಲ್ಲ. ಅದಾದ ಮೇಲೆ ಪಕ್ಕದ ಮನೆಯವನು, ಚಪ್ಪರದವನು, ಎಲೆ ಹಾಸುತ್ತಿದ್ದವರು, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದವರು, ಇಡೀ ಬೀದಿಯೇ ಹಾಡಿತು. ನಮ್ಮ ಹಳೇ ಪ್ಲೇಟಿನಲ್ಲಿ ಎರಡನೇ ಚರಣದ ನಡುವೆ ಒಂದು ಗೀರಿತ್ತು. ಅಲ್ಲಿಗೆ ಬಂದಾಗ ಎಲ್ಲರೂ ಒಟ್ಟಿಗೆ ನಾಲಿಗೆಯಿಂದ ಟಕ್ ಎನ್ನಿಸಿ, ಒಂದು ಪದ ಹಾರಿಸಿ ಮುಂದಕ್ಕೆ ಹೋದರು. ತುಂಗಮ್ಮನ ಪ್ಲೇಟಿಗೆ ಆ ಗೀರಿರಲಿಲ್ಲವಾದ್ದರಿಂದ ಅವರೊಬ್ಬರೇ ಒಂದು ಪದ ಹಿಂದೆ ಉಳಿದು, ಆಮೇಲೆ ಓಡಿಬಂದು ಸೇರಿಕೊಂಡರು. ಇಂದು ಅಳುತ್ತಿದ್ದಳು, ಅಳುತ್ತಲೇ ಹಾಡುತ್ತಿದ್ದಳು. ಇನ್‌ಸ್ಪೆಕ್ಟರು ಪುಸ್ತಕ ತೆರೆದು ಹಾಳೆ ಮಗುಚತೊಡಗಿದರು. ತಂತಿ, ತೊಗಲು, ಗಾಳಿಪೆಟ್ಟಿಗೆ, ಮಿಷನ್ನು, ಮುಳ್ಳು, ಎಲ್ಲಕ್ಕೂ ನಿಯಮವಿತ್ತು. ಬಾಯಿಗೆ ಇರಲಿಲ್ಲ. ಹಿಂದಿನಿಂದ ಮುಂದಕ್ಕೆ ಇನ್ನೊಂದು ಸಲ ಹುಡುಕಿ, ಪುಸ್ತಕ ಮುಚ್ಚಿ ಊಟದ ಕಡೆ ಹೋದರು.

ನಾನೂ ಬಾಯಿ ತೆರೆದೆ. ಏನೂ ಬರಲಿಲ್ಲ. ಸಂಕೋಚವೇನೂ ಇರಲಿಲ್ಲ, ನನಗೆ ಹಾಡೇ ಗೊತ್ತಿರಲಿಲ್ಲ. ಅದು ಮೂರು ನಿಮಿಷ ಹನ್ನೆರಡು ಸೆಕೆಂಡು ಇದೆ ಎಂದು ಗೊತ್ತಿತ್ತು. ಎಷ್ಟನೇ ಸುತ್ತಿನಲ್ಲಿ ಟಕ್ ಎನ್ನುತ್ತದೆ ಎಂದು ಗೊತ್ತಿತ್ತು. ರಟ್ಟಿನ ಯಾವ ಮೂಲೆ ಯಾವ ವರ್ಷ ಜಜ್ಜಿತು, ಯಾವ ಮದುವೆಯಲ್ಲಿ ಯಾರ ಬೆರಳು ಬಿತ್ತು, ಎಲ್ಲವೂ ಗೊತ್ತಿತ್ತು. ಒಂದು ಸಾಲು ಗೊತ್ತಿರಲಿಲ್ಲ. ಚಿಕ್ಕ ಮಕ್ಕಳು ಹಾಡುತ್ತಿದ್ದವು. ಟಕ್ ಒಂದನ್ನಾದರೂ ಹೇಳೋಣವೆಂದು ನಾಲಿಗೆ ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಹಿಂದೆ ಹೋಗಿತ್ತು. ಬಾಯಿ ಮುಚ್ಚಿ, ಕೈಕಟ್ಟಿ, ನನ್ನ ಮಗಳ ಮದುವೆಯಲ್ಲಿ ನಾನೊಬ್ಬ ನೆಂಟನ ಹಾಗೆ ನಿಂತೆ. ಚಂದ್ರಮೌಳಿಯವರು ಬಂದು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. “ಇಷ್ಟು ಜನದಲ್ಲಿ ನೀವೊಬ್ರೇ ಸಂಭಾವಿತರು, ಬೀಗರೇ. ನಮ್ಮ ಬೀದಿ ಮರ್ಯಾದೆ ಉಳಿಸಿದ್ರಿ” ಎಂದರು. ಅವರ ಕಣ್ಣಿನಲ್ಲಿ ನೀರಿತ್ತು.

ಊಟವಾಯಿತು. ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಾಯಿತು. ಇಂದು ಅಮ್ಮನನ್ನು ತಬ್ಬಿ ಅತ್ತಳು. ತುಂಗಮ್ಮ ಛತ್ರದ ಬಾಗಿಲಲ್ಲಿ ಅವಳಿಗಾಗಿ ಕಾಯುತ್ತ, ತಮ್ಮಷ್ಟಕ್ಕೆ ತುಟಿ ಆಡಿಸುತ್ತಿದ್ದರು. ಇನ್ನು ಆ ಮನೆಯಲ್ಲಿ ಎರಡು ಬಾಯಿಗಳಾದವು, ಬೀಗರ ಮಧ್ಯಾಹ್ನದ ನಿದ್ದೆ ಇಷ್ಟೇ ಎಂದುಕೊಂಡೆ. ಆಮೇಲೆ ಇಂದು ನನ್ನ ಕಾಲಿಗೆ ಬಿದ್ದು ಎದ್ದಳು. “ಅಪ್ಪ, ಎಲ್ರೂ ಹಾಡಿದ್ರು. ನೀನ್ಯಾಕೆ ಹಾಡ್ಲಿಲ್ಲ? ನಿನ್ನ ದನೀಲಿ ಒಂದೇ ಒಂದು ಸಾಲು ಕೇಳ್ಕೊಂಡು ಹೋಗ್ತೀನಿ. ಈಗ ಹೇಳು” ಎಂದಳು. ಬೀದಿಗೆ ಬೀದಿಯೇ ನಮ್ಮನ್ನು ನೋಡುತ್ತಿತ್ತು. ವಿಶಾಲಾಕ್ಷಿ ಅವಳ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಆಗಲೇ ಗೊತ್ತಾಗಿತ್ತು. “ಗಂಟಲು ಕಟ್ಟಿದೆ ಕಣಮ್ಮ. ನಿನ್ನ ಕಳಿಸ್ಬೇಕಲ್ಲ ಅಂತ... ದನಿನೇ ಹೊರಡ್ತಿಲ್ಲ” ಎಂದೆ.

ಇಂದು ನನ್ನ ಭುಜದ ಮೇಲೆ ಮುಖವಿಟ್ಟು ಬಿಕ್ಕಿದಳು. “ನಿನಗೆ ನನ್ನ ಮೇಲೆ ಇಷ್ಟೊಂದು ಪ್ರೀತಿ ಅಂತ ಗೊತ್ತಿರ್ಲಿಲ್ಲಪ್ಪ” ಎಂದಳು. ಪ್ರೀತಿ ಇದ್ದದ್ದು ನಿಜ. ಹಾಡು ಬಾರದಿದ್ದದ್ದೂ ಅಷ್ಟೇ ನಿಜ. ಅವಳಿಗೆ ಒಂದನ್ನು ಮಾತ್ರ ಹೇಳಿ ಕಳಿಸಿಕೊಟ್ಟೆ.